ನಾಲ್ಕು ಕೈ, ಹನ್ನೊಂದು ಗೆರೆ

ಪಾಲಿಟೆಕ್ನಿಕ್ಕುಗಳಿಗೆ ಹೊಸದಾಗಿ ಲ್ಯಾಬ್ ಬೋಧಕರಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬರಲಿ, ಸಂತೋಷ. ಆದರೆ ಚಹಾದ ಕಪ್ಪು ಕೆಳಗಿಡುವ ಮೊದಲೇ ಅದೇ ಪ್ರಶ್ನೆ ಹೊರಬೀಳುತ್ತದೆ: "ಮೇಡಂ, ಈ ಹಳೇ ಪ್ರೊಸೆಸರ್ ಈಗ ಯಾರಿಗೆ ಬೇಕ್ರಿ? ಕಂಪ್ಯೂಟರಿನಾಗ ಅದರ ನಕಲಿ ಹಚ್ಚಿ ಮಕ್ಕಳಿಗೆ ಯಾಕ ಕಲಿಸಬೇಕು?" ನನಗೆ ಸಿಟ್ಟು ಬರುತ್ತದೆ. ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಉತ್ತರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಹೇಳಹೊರಟರೆ ಹುಲಿಗೆಮ್ಮನ ಕಥೆ ಹೇಳಬೇಕಾಗುತ್ತದೆ, ಅವಳ ನೌಕರಿ ಹೋಗುವುದರಲ್ಲಿದ್ದ ಕಥೆ. ಅದಕ್ಕೇ ಬರೆಯಲು ಕುಳಿತೆ. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲು ಇವು ಯಾವುವೂ ಇದರಲ್ಲಿ ಬರುವುದಿಲ್ಲ. ಶಾಲು ಸಿಕ್ಕಿದ್ದೂ ಒಂದೇ, ಅದೂ ಏಪ್ರಿಲ್‌ನಲ್ಲಿ. ರಾಯಚೂರಿನ ಬಿಸಿಲಿಗೆ ಅದನ್ನು ಹೊದ್ದುಕೊಳ್ಳುವವರು ಯಾರು?

ನಾನು ರಾಯಚೂರಿನ ಪಾಲಿಟೆಕ್ನಿಕ್ಕಿಗೆ ಬೋಧಕಿಯಾಗಿ ಸೇರಿದಾಗ ನಮ್ಮ ಲ್ಯಾಬಿನಲ್ಲಿ ಇದ್ದದ್ದು ಕಿಟ್ಟುಗಳು. ಊಟದ ತಟ್ಟೆಯಷ್ಟು ಅಗಲದ ಹಸಿರು ಹಲಗೆ, ಅದರ ಮೇಲೆ ಒಂದು ಪ್ರೊಸೆಸರ್, ಕ್ಯಾಲ್ಕ್ಯುಲೇಟರಿನಲ್ಲಿರುವಂಥ ಗುಂಡಿಗಳು, ಕೆಂಪು ಅಂಕಿ ಹೊಳೆಯುವ ಒಂದು ಪುಟ್ಟ ಕಿಟಕಿ. ಅಷ್ಟೇ ಕಂಪ್ಯೂಟರು. ಬೇಸಿಗೆಯಲ್ಲಿ ಕಾದು ಕೆಂಡವಾಗಿ ನಿಂತುಬಿಡುತ್ತಿದ್ದವು ಎಂದು ಇದ್ದ ಎರಡು ಟೇಬಲ್ ಫ್ಯಾನುಗಳನ್ನೂ ಅವುಗಳ ಕಡೆಗೇ ತಿರುಗಿಸಿ, ನಾವು ಬೆವರು ಒರೆಸಿಕೊಳ್ಳುತ್ತ ನಿಲ್ಲುತ್ತಿದ್ದೆವು.

ಆಗಿನ ನಮ್ಮ ವಿಭಾಗದ ಮುಖ್ಯಸ್ಥರಿಗೆ ಕಿಟ್ಟುಗಳೆಂದರೆ ಜೀವ. ಅದಕ್ಕೇ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ! ಕಪಾಟಿನಲ್ಲಿಟ್ಟು ಬೀಗ ಜಡಿದು, ಕಿಟ್ಟಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದರು. ಹುಡುಗರು ಬೆಂಚಿನ ಮೇಲೆ ಗುಂಡಿಗಳನ್ನು ಪೆನ್ನಿನಿಂದ ಬರೆದುಕೊಂಡು ಒತ್ತುತ್ತಿದ್ದರು, ಸುಳ್ಳೆನ್ನಬೇಡಿ. ಆಯುಧ ಪೂಜೆಗೆ, ಪರೀಕ್ಷೆಗೆ ಮಾತ್ರ ಅಷ್ಟೂ ಕಿಟ್ಟುಗಳು ಹೊರಗೆ ಬರುತ್ತಿದ್ದವು. ಒಂದು ವರ್ಷ ಭಕ್ತಿ ಉಕ್ಕಿ ಗಂಧ ಕುಂಕುಮ ಹಚ್ಚಿದ್ದೇ ಹಚ್ಚಿದ್ದು. ಪ್ರಾಯೋಗಿಕ ಪರೀಕ್ಷೆಯ ದಿನ ನೋಡಿದರೆ ಒತ್ತಿದ ಗುಂಡಿ ಮೇಲೇಳುತ್ತಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಕಿಟ್ಟನ್ನು ಕಣ್ಣಿನ ಹತ್ತಿರ ಹಿಡಿದು, "ಇದೇನ್ರಿ ಕೆಂಪಗ ಒಳಗ?" ಎಂದರು. ನಮ್ಮ ಮುಖ್ಯಸ್ಥರು ತಲೆ ತಗ್ಗಿಸಿ, "ಕುಂಕುಮ ಸರ್" ಎಂದರು. ನಾನು ಸೂಜಿ, ಸ್ಪಿರಿಟ್ಟು, ಹಳೆಯ ಟೂತ್‌ಬ್ರಷ್ಷು ಹಿಡಿದು ಒಂದೊಂದೇ ಗುಂಡಿ ಬಿಡಿಸುತ್ತ ಕೂತೆ. ಪರೀಕ್ಷೆ ಮುಗಿದ ಮೇಲೆ ಅವರು ಕಪಾಟಿನ ಕೀಲಿಕೈಯನ್ನು ನನ್ನ ಮೇಜಿನ ಮೇಲೆ ಇಟ್ಟರು. "ತಗೊಳವಾ ಶಮೀಮಾ. ನನ್ನ ಭಕ್ತಿ ಜಾಸ್ತಿ ಆತು" ಎಂದರು. ಅಂದಿನಿಂದ ಕಿಟ್ಟುಗಳು ಮಕ್ಕಳ ಕೈಗೆ ಬಂದವು.

ಕರೆಂಟು ಇನ್ನೊಂದು ಕಾಟ. ಒಂದೊಂದೇ ಅಂಕಿ ಒತ್ತಿ ಪ್ರೋಗ್ರಾಂ ತುಂಬಿಸಿ ಇನ್ನೇನು ಓಡಿಸಬೇಕು, ಪಟ್ಟನೆ ಕರೆಂಟು ಹೋಗುತ್ತಿತ್ತು. ತುಂಬಿಸಿದ್ದೆಲ್ಲ ಹೋಯಿತು, ಮತ್ತೆ ಮೊದಲಿನಿಂದ. "ಶಕ್ತಿನಗರದಾಗ ಹುಟ್ಟಿದ ಕರೆಂಟು ನಮ್ಮ ಲ್ಯಾಬಿನಾಗ ಸಾಯ್ತದ ನೋಡ್ರಿ ಮೇಡಂ" ಎಂದು ಒಬ್ಬ ಹುಡುಗ ಅಂದಿದ್ದ. ಈಗ ಅವನೇ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಶಿಯನ್. ಕರೆಂಟು ಹೋದಾಗೆಲ್ಲ ನಾನು ಅವನಿಗೆ ಫೋನು ಹಚ್ಚಿ ಬೈಯುತ್ತೇನೆ.

ಈಗ ರಿಜಿಸ್ಟರ್ ಎಂಬ ಪದಕ್ಕೆ ಬರೋಣ, ಇಡೀ ರಾದ್ಧಾಂತ ಆದದ್ದು ಅದರಿಂದಲೇ. ಪ್ರೊಸೆಸರಿನ ಒಳಗೆ ಕೆಲವೇ ಕೆಲವು ಪುಟ್ಟ ಜಾಗಗಳಿವೆ. ಲೆಕ್ಕ ಮಾಡುವಾಗ ಆ ಕ್ಷಣಕ್ಕೆ ಬೇಕಾದ ಅಂಕಿಯನ್ನು ಅದು ಅಲ್ಲಿ ಹಿಡಿದುಕೊಳ್ಳುತ್ತದೆ. ಆ ಜಾಗಗಳಿಗೆ ರಿಜಿಸ್ಟರ್ ಎಂದು ಹೆಸರು. A, B, C ಎಂದು ಗುರುತು. A ಎಂಬುದು ಎಲ್ಲಕ್ಕಿಂತ ಮುಖ್ಯ, ಕೂಡಿಸುವುದು ಕಳೆಯುವುದು ಹೋಲಿಸುವುದು ಎಲ್ಲ ಅಲ್ಲಿಯೇ. ಓಡುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ, A ಒಳಗೆ ಇರುವ ಅಂಕಿಯನ್ನು ನಾವೇ ಬದಲಾಯಿಸಿ, ಮುಂದೆ ಏನು ಮಾಡುತ್ತದೆ ಎಂದು ನೋಡಬಹುದು. ತಪ್ಪು ಹುಡುಕಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇದನ್ನು ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಹೇಗೆ ಹೇಳುವುದು? "ರಿಜಿಸ್ಟರ್ ತಿದ್ದಿ ನೋಡ್ರಿ" ಎನ್ನುತ್ತಿದ್ದೆ. ಪಾಟಿಯ ಮೇಲೆ ಅಕ್ಷರ ತಿದ್ದುತ್ತೇವಲ್ಲ, ಹಾಗೆ ಎಂಬುದು ನನ್ನ ಮನಸ್ಸಿನಲ್ಲಿ.

ಕಿಟ್ಟುಗಳು ಕೈಗೆ ಬಂದ ಮೊದಲ ವರ್ಷವೇ ಮಾನ್ವಿ ಕಡೆಯ ಒಬ್ಬ ಹುಡುಗ, ಚೀಕಲಪರ್ವಿಯವನು, ಮರುದಿನ ಉದ್ದನೆಯ ರಟ್ಟಿನ ಪುಸ್ತಕ ಬಗಲಿಗಿಟ್ಟುಕೊಂಡು ಬಂದ. ಏನೋ ಇದು ಎಂದೆ. "ನೀವೇ ಹೇಳಿದ್ರೆಲ್ರಿ ಮೇಡಂ, ನಾಳೆ ರಿಜಿಸ್ಟರ್ ಅಂತ. ನಮ್ಮಪ್ಪ ಮಾನ್ವಿ ಪ್ಯಾಟಿಯಿಂದ ತಂದಾನ್ರಿ" ಎಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ.

ನಗದೇ ಇದ್ದವರು ನಮ್ಮ ಅಮ್ಮಿ ಒಬ್ಬರೇ. ನಮ್ಮದು ಪೇಟೆಯಲ್ಲಿ ಬಳೆ ಅಂಗಡಿಯ ಮನೆತನ, ಮನೆಯಲ್ಲಿ ದಖ್ಖನಿ ಮಾತು. ಇವತ್ತು ಕಾಲೇಜಿನಲ್ಲಿ ಏನು ಮಾಡಿದೆ ಎಂದು ಅಮ್ಮಿ ಕೇಳಿದಾಗ, ಹುಡುಗರಿಗೆ ರಿಜಿಸ್ಟರ್ ತಿದ್ದುವುದನ್ನು ಕಲಿಸಿದೆ ಎಂದುಬಿಟ್ಟೆ. ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. "ಅಗೇ, ರಜಿಸ್ಟರ್‌ಕೂ ಹಾತ್ ನಕ್ಕೋ ಲಗಾ! ನೌಕರೀ ಜಾತೀ!" ರಿಜಿಸ್ಟರಿಗೆ ಕೈ ಹಚ್ಚಬೇಡ, ನೌಕರಿ ಹೋಗುತ್ತದೆ ಎಂದು. ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ. ಅಮ್ಮಿ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಆ ಮಾತು ಅಕ್ಷರಶಃ ನಿಜವಾಗಿ ಬಂದು ಎದುರಿಗೆ ನಿಂತಿತು.

ಕಿಟ್ಟುಗಳು ಒಂದೊಂದಾಗಿ ಸತ್ತವು. ಬಿಡಿಭಾಗ ಸಿಗದಾಯಿತು. ಹೈದರಾಬಾದಿನ ಅಂಗಡಿಗಳಲ್ಲಿ ಕೇಳಿದರೆ, "ಅಮ್ಮಾ, ಇವಿ ಮ್ಯೂಸಿಯಂಲೋ ಅಡಗಂಡಿ" ಎಂದು, ಇವನ್ನು ಮ್ಯೂಸಿಯಮ್ಮಿನಲ್ಲಿ ಕೇಳಿ ಎಂದು, ತೆಲುಗಿನಲ್ಲಿ ಹಾಸ್ಯ ಮಾಡಿ ಕಳಿಸಿದರು. ಒಂದು ಕಿಟ್ಟು ಕೆಟ್ಟರೆ ಅದರ ಅಂಗಾಂಗ ತೆಗೆದು ಇನ್ನೊಂದಕ್ಕೆ ಹಾಕುತ್ತ ಹೇಗೋ ತಳ್ಳಿದೆ. ಕೊನೆಗೆ ಮೂರೋ ನಾಲ್ಕೋ ಉಳಿದಾಗ ನನಗೆ ನಿಜಕ್ಕೂ ಅಳು ಬಂತು. ಅಂಥ ಹೊತ್ತಿನಲ್ಲಿ ನಮ್ಮಲ್ಲಿಗೆ ಬಂದವಳು ಹುಲಿಗೆಮ್ಮ.

ಹುಲಿಗೆಮ್ಮ ನನ್ನದೇ ವಿದ್ಯಾರ್ಥಿನಿ, ದೇವದುರ್ಗದವಳು. ತಂದೆ ತಾಯಿ ಕಟ್ಟಡದ ಕೆಲಸಕ್ಕೆ ದೊಡ್ಡ ಊರುಗಳಿಗೆ ಗುಳೆ ಹೋಗಿ ಬರುವವರು, ಇವಳು ಹಾಸ್ಟೆಲಿನಲ್ಲಿದ್ದುಕೊಂಡು ಓದಿದಳು. ಡಿಪ್ಲೊಮಾ ಆಯಿತು, ಮುಂದೆ ಪದವಿಯೂ ಆಯಿತು. ಆಮೇಲೆ ನಮ್ಮಲ್ಲಿಗೇ ಅತಿಥಿ ಬೋಧಕಿಯಾಗಿ ಬಂದಳು. ಅತಿಥಿ ಎಂದರೆ ಮರ್ಯಾದೆಯ ಮಾತೆಂದು ತಿಳಿಯಬೇಡಿ. ವರ್ಷಕ್ಕೊಮ್ಮೆ ಕರಾರು ಮುಗಿಯುತ್ತದೆ, ಬೇಕೆಂದರೆ ಮುಂದುವರಿಸುತ್ತಾರೆ, ಬೇಡವೆಂದರೆ ಚೀಲ ಹಿಡಿದು ಹೊರಡಬೇಕು. ಅವಳ ತಾಯಿ ಕಟ್ಟಡದ ಮೇಲಿನಿಂದಲೇ ಫೋನು ಮಾಡಿ, "ನಮ್ಮ ಹುಲಿಗಿ ಮೇಡಂ ಆಗ್ಯಾಳಂತ, ಇಲ್ಲಿ ಮೇಸ್ತ್ರಿಗೂ ಹೇಳೀನ್ರಿ ಯವ್ವಾ" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದಳು.

"ಮೇಡಂ, ಕಿಟ್ಟು ಸತ್ರ ಸಾಯ್ಲಿ ಬಿಡ್ರಿ. ಅದರ ಜೀವ ಕಂಪ್ಯೂಟರಿನಾಗ ಅದ" ಎಂದು ಹುಲಿಗೆಮ್ಮ ಒಂದು ದಿನ ಎಮ್ಯುಲೇಟರ್ ತೆರೆದು ತೋರಿಸಿದಳು. ಹಳೆಯ ಯಂತ್ರದ ಹಾಗೆಯೇ ಹೆಜ್ಜೆ ಹೆಜ್ಜೆಗೂ ನಡೆದುಕೊಳ್ಳುವ ತಂತ್ರಾಂಶ. ಪರದೆಯ ಮೇಲೆ ಅದೇ ಗುಂಡಿಗಳು, ಅದೇ ಕೆಂಪು ಅಂಕಿಗಳು. ನಾನು ಮುಖ ಗಂಟು ಹಾಕಿದೆ. ಗುಂಡಿ ಒತ್ತಿದ ಸದ್ದೇ ಇಲ್ಲವಲ್ಲ! ಆದರೆ ಅವಳು ಪ್ರೋಗ್ರಾಮನ್ನು ನಡುವೆ ನಿಲ್ಲಿಸಿದಳು. ಪಕ್ಕದ ಚೌಕದಲ್ಲಿ ರಿಜಿಸ್ಟರುಗಳೆಲ್ಲ ಸಾಲಾಗಿ ಕಾಣಿಸಿದವು. A ಮೇಲೆ ಒತ್ತಿ ಬೇರೆ ಅಂಕಿ ಬರೆದು ಮುಂದೆ ಬಿಟ್ಟಳು. ಕಿಟ್ಟಿನಲ್ಲಿ ಇಷ್ಟು ಮಾಡಲು ಹತ್ತು ಗುಂಡಿ ಒತ್ತಬೇಕು, ಒಂದು ತಪ್ಪಿದರೆ ಮೊದಲಿನಿಂದ. ಇಲ್ಲಿ ಕಣ್ಣಮುಂದೆಯೇ ಕ್ಷಣದಲ್ಲಿ ಆಯಿತು. "ಇದು ಮೊದಲ ಯಾಕ ತೋರಿಸಲಿಲ್ಲ ಬೇ ನೀನು?" ಎಂದು ಅವಳಿಗೇ ಬೈದೆ. ಆ ವಾರದಿಂದ ಪಾಠವೆಲ್ಲ ಎಮ್ಯುಲೇಟರಿಗೆ ಬಂತು. ಮಾತು ಮಾತ್ರ ಹಳೆಯದೇ ಉಳಿಯಿತು. ನನ್ನ ಬಾಯಿಂದ ಅವಳ ಬಾಯಿಗೆ ದಾಟಿತ್ತು: ರಿಜಿಸ್ಟರ್ ತಿದ್ದೋದು.

ನಮ್ಮ ಕಚೇರಿಯ ಸೂಪರಿಂಟೆಂಡೆಂಟ್ ಶರಣಬಸಪ್ಪನವರ ಪರಿಚಯ ಈಗ ಮಾಡಿಕೊಡಬೇಕು. ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಹಾಜರಿ ರಿಜಿಸ್ಟರುಗಳ ಕಪಾಟಿಗೆ ಅವರದು ಎರಡು ಬೀಗ. ಗೈರುಹಾಜರಿ ಎಣಿಸುವಾಗ ಅವರು ಕ್ಯಾಲ್ಕ್ಯುಲೇಟರ್ ಮುಟ್ಟುತ್ತಿರಲಿಲ್ಲ. ಎಡಗೈ ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳನ್ನು ಉಳಿದ ಬೆರಳುಗಳ ಗೆರೆಗಳ ಮೇಲೆ ಓಡಿಸುತ್ತಿದ್ದರು. ಒಂದು ಬೆರಳಿಗೆ ಮೂರು ಗೆರೆ, ಮೇಲೊಂದು ತುದಿ. ತುಟಿ ಅಲುಗುತ್ತಿರಲಿಲ್ಲ, ಲೆಕ್ಕ ತಪ್ಪುತ್ತಿರಲಿಲ್ಲ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ ಎಂಬುದು ನಿಯಮ. ಆ ಬಾಗಿಲಿಗೆ ಕಾವಲು ಅವರು.

ದೇವದುರ್ಗ, ಮಾನ್ವಿ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಆ ಎಪ್ಪತ್ತೈದು ದಿನಾ ಬೆಳಗಿನ ಚಿಂತೆ. ಬಸ್ಸು ತಡವಾದರೆ ಮೊದಲ ಪೀರಿಯಡ್ ಹೋಯಿತು. "ಮೇಡಂ, ನನಗ ಎಪ್ಪತ್ತೈದು ಆಗ್ತದೇನ್ರಿ?" ಎಂದು ಲ್ಯಾಬಿನ ಬಾಗಿಲಲ್ಲೇ ಕೇಳುತ್ತಿದ್ದರು. ಮಕ್ಕಳ ಬಾಯಲ್ಲಿ ಸದಾ ಇರುವ ಅಂಕಿ ಎಂದು ಹುಲಿಗೆಮ್ಮ ಅದನ್ನೇ ಪಾಠ ಮಾಡಿದಳು. A ಒಳಗೆ ಹಾಜರಿ ಇಡುವುದು. ಎಪ್ಪತ್ತೈದರ ಜೊತೆ ಹೋಲಿಸುವುದು. ಕಡಿಮೆ ಇದ್ದರೆ ಪರದೆಯ ಮೇಲೆ 00, ಇಲ್ಲದಿದ್ದರೆ 01. ಒಳ್ಳೆಯ ಪ್ರೋಗ್ರಾಂ, ನಾನೇ ಮೆಚ್ಚಿದ್ದೆ.

ಹಿಂದಿನ ಸಂಜೆ ಅವಳು ತನ್ನ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿದಳು: "ನಾಳೆ ಎರಡನೇ ಪೀರಿಯಡ್ಡಿಗೆ ತಪ್ಪದೆ ಬರ್ರಿ. 75 ಇಲ್ಲದವರನ್ನ 75 ಮಾಡೋದು ಹೆಂಗ ಅಂತ ತೋರಿಸ್ತೀನಿ. ರಿಜಿಸ್ಟರ್ ತಿದ್ದೋದು ಭಾಳ ಸರಳ ಅದ, ಯಾರೂ ಹೆದರಬ್ಯಾಡ್ರಿ."

ಕ್ಲಾಸಿನ ಗುಂಪಿಗೆ ಎಂದುಕೊಂಡಿದ್ದಳು. ಹೋದದ್ದು ಇಡೀ ಕಾಲೇಜಿನ ಗುಂಪಿಗೆ. ಅದರಲ್ಲಿ ಪ್ರಾಚಾರ್ಯರಿದ್ದರು, ಕಚೇರಿಯವರಿದ್ದರು, ಮೆಕ್ಯಾನಿಕಲ್ಲಿನ ಹುಡುಗರಿದ್ದರು. ಅಳಿಸೋಣವೆಂದು ಅವಳು ನೋಡುವಷ್ಟರಲ್ಲಿ, "ನಮಗೂ ಮಾಡಿಕೊಡ್ರಿ ಮೇಡಂ", "ಜೈ ಹುಲಿಗೆಮ್ಮ ಮೇಡಂ" ಎಂದು ಮೆಕ್ಯಾನಿಕಲ್ಲಿನವರ ಜಯಘೋಷ ಶುರುವಾಗಿತ್ತು.

ಬೆಳಿಗ್ಗೆ ನಾನು ಹೋದಾಗ ಶರಣಬಸಪ್ಪನವರು ಹಾಜರಿ ರಿಜಿಸ್ಟರುಗಳನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಪ್ರಾಚಾರ್ಯರ ಮೇಜಿನ ಮೇಲೆ ಇಟ್ಟಿದ್ದರು. ಮಾತಿನಲ್ಲಿ ಕಹಿ ಇರಲಿಲ್ಲ, ಭಯ ಇತ್ತು. "ಸರ್, ಲಿಖಿತದಾಗ ಒಪ್ಪಿಕೊಂಡಾಳ. ನಾ ಕಣ್ಣು ಮುಚ್ಚಿ ಕುಂದ್ರಾಕ ಆಗಂಗಿಲ್ಲ" ಎಂದರು. ಪ್ರಾಚಾರ್ಯರು ಸಿವಿಲ್ ವಿಭಾಗದವರು, ಪಾಪದ ಮನುಷ್ಯ, ಗದ್ದಲ ಎಂದರೆ ಆಗದು. ವಿಚಾರಣೆ ಮುಗಿಯುವವರೆಗೆ ಹುಲಿಗೆಮ್ಮನ ಕರಾರು ಮುಂದುವರಿಸುವುದು ಬೇಡ ಎಂದುಬಿಟ್ಟರು. ಕರಾರು ಮುಗಿಯುವುದು ಅದೇ ತಿಂಗಳಿತ್ತು.

ಹುಲಿಗೆಮ್ಮ ಲ್ಯಾಬಿನಲ್ಲಿ ಕೂತಿದ್ದಳು. ಅತ್ತಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. "ಬಿಡ್ರಿ ಮೇಡಂ. ನೌಕರಿ ಹೋದ್ರ ಹೋಗ್ಲಿ. ಹಾಜರಿ ತಿದ್ದಿದಾಕಿ ಅಂತ ಹೆಸರು ಹತ್ತಿದ್ರ ಯಾವ ಕಾಲೇಜಿನವ್ರು ಒಳಗ ಕರೀತಾರ? ನಮ್ಮವ್ವಗ ಏನಂತ ಹೇಳ್ಲಿ?" ಎಂದಳು. ಆ ಮಾತು ಅವಳಿಗೆ ಕಲಿಸಿದ್ದು ನಾನು. ಸೀರೆಯ ಸೆರಗು ಸಿಕ್ಕಿಸಿಕೊಂಡು ಪ್ರಾಚಾರ್ಯರ ಕೋಣೆಗೆ ಹೋದೆ. "ಸರ್, ಆ ರಿಜಿಸ್ಟರ್ ಎಲ್ಲಿ ಅದ ಅಂತ ಬಂದು ನೋಡ್ರಿ. ಶರಣಬಸಪ್ಪನವ್ರೂ ಬರ್ಲಿ. ನೋಡಿದ ಮ್ಯಾಲ ನಿಮಗ ತಿಳಿದಂಗ ಮಾಡ್ರಿ" ಎಂದೆ.

ಇಬ್ಬರೂ ಬಂದರು, ಹಾಜರಿ ರಿಜಿಸ್ಟರುಗಳ ಗಂಟೂ ಶರಣಬಸಪ್ಪನವರ ಬಗಲಲ್ಲೇ ಬಂತು. ಹುಲಿಗೆಮ್ಮ ಎಮ್ಯುಲೇಟರ್ ತೆರೆದಳು. "ಇದು A ರಿಜಿಸ್ಟರ್ ಸರ್. ಇದರಾಗ ಈಗ 46 ಅದ. ಓಡಿಸ್ತೀನಿ, 00 ಬಂತು. ಹಾಜರಿ ಸಾಲದು ಅಂತ ಅರ್ಥ. ಈಗ A ತಿದ್ದಿ 4B ಹಾಕ್ತೀನಿ. 01 ಬಂತು, ನೋಡ್ರಿ."

"ಪಾಸ್ ಆತು ಸರ್! ನಿಮ್ಮ ಎದುರಿಗೇ ಪಾಸ್ ಮಾಡಿದ್ಲು!" ಶರಣಬಸಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ನಲವತ್ತಾರು ಇದ್ದಾಂವಗ!"

"ಅದು ನಲವತ್ತಾರಲ್ಲ ಸರ್..."

"ಮತ್ತೇನು? ಓದಾಕ ಬರ್ತದ ನನಗ. ಅತ್ಲಾಗ ಸರೀರಿ ತಂಗಿ, ನಾ ಒತ್ತತೀನಿ."

ತಾವೇ ಕೂತು A ಒಳಗೆ 74 ಎಂದು ಒತ್ತಿದರು. ಹುಲಿಗೆಮ್ಮ ಓಡಿಸಿದಳು. 01 ಬಂತು. 50 ಒತ್ತಿದರು. ಅದಕ್ಕೂ 01! ಪ್ರಾಚಾರ್ಯರು ಕನ್ನಡಕ ತೆಗೆದು ಒರೆಸತೊಡಗಿದರು. ಐವತ್ತು ಹಾಜರಿಯವನೂ ಪಾಸಾಗುವ ಯಂತ್ರ ನಮ್ಮ ಲ್ಯಾಬಿನಲ್ಲಿ ಓಡುತ್ತಿದೆ ಎಂದಾದರೆ ಇನ್ನು ಹೇಳುವುದೇನಿದೆ? ನಾನು ಸುಮ್ಮನಿರಬೇಕಾಗಿತ್ತು. ಸುಮ್ಮನಿರುವ ಜಾಯಮಾನ ನನ್ನದಲ್ಲ. "ಅದು ಹೆಕ್ಸಾಡೆಸಿಮಲ್ ಅದರಿ!" ಎಂದು ಕೂಗಿದೆ. ಅಪರಾಧಕ್ಕೆ ಇಂಗ್ಲಿಷಿನ ಹೆಸರು ಇಟ್ಟ ಹಾಗೆ ಅವರಿಗೆ ಕೇಳಿಸಿತು. "ಆತ್ರಿ, ಎಲ್ಲಾ ತಿಳೀತು" ಎಂದು ಶರಣಬಸಪ್ಪನವರು ಏಳಲು ನೋಡಿದರು.

ಆಗ ಹುಲಿಗೆಮ್ಮನ ಕಣ್ಣು ಅವರ ಎಡಗೈ ಮೇಲೆ ಬಿತ್ತು. ತಮಗೇ ಗೊತ್ತಿಲ್ಲದೆ ಅವರ ಹೆಬ್ಬೆರಳು ಬೆರಳಿನ ಗೆರೆಗಳ ಮೇಲೆ ಓಡುತ್ತಿತ್ತು.

"ಸರ್, ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಕೈಮ್ಯಾಲ ಎಣಿಸ್ತೀರಲ್ರಿ. ಒಂದು ಕೈ ತುಂಬಿದ್ರ ಎಷ್ಟು?"

"ಒಂದು ಬೆರಳಿಗೆ ನಾಕು, ನಾಕು ಬೆರಳಿಗೆ ಹದಿನಾರು. ಅದಕ್ಕೂ ಇದಕ್ಕೂ ಏನು?"

"ಈ ಮಿಷನ್ನೂ ನಿಮ್ಹಂಗ ಎಣಿಸ್ತದ ಸರ್. ಹತ್ತಕ್ಕ ಕಟ್ಟು ಕಟ್ಟಂಗಿಲ್ಲ, ಹದಿನಾರಕ್ಕ ಕಟ್ತದ. ಮೊದಲನೇ ಅಂಕಿ ಎಷ್ಟು ಕೈ ತುಂಬ್ಯಾವ ಅಂತ. ಎರಡನೇದು ಮ್ಯಾಲ ಎಷ್ಟು ಗೆರಿ ಅಂತ. ನೀವು ಐವತ್ತು ಅಂತ ಒತ್ತಿದ್ರಲ್ಲ, ಅದು ಐದು ಕೈ, ಗೆರಿ ಏನೂ ಇಲ್ಲ."

ಅರ್ಧ ಎದ್ದಿದ್ದ ಶರಣಬಸಪ್ಪನವರು ಮತ್ತೆ ಕೂತರು. ಹೆಬ್ಬೆರಳು ಓಡಿತು. "ಐದು ಕೈ ಅಂದ್ರ ಎಂಬತ್ತು" ಎಂದರು ಮೆಲ್ಲಗೆ.

"ಎಂಬತ್ತು ಹಾಜರಿ ಅದ ಸರ್, ಪಾಸ್ ಮಾಡ್ತದ. ಮೊದಲಿದ್ದ 46 ಅಂದ್ರ ನಾಕು ಕೈ, ಆರು ಗೆರಿ, ಎಪ್ಪತ್ತು, ಅದಕ್ಕ 00 ಬಂತು."

"ಎಪ್ಪತ್ನಾಕು ಒತ್ತಿದ್ನಲ್ಲ... ಏಳು ಕೈ, ನಾಕು ಗೆರಿ..." ಲೆಕ್ಕ ಮುಗಿಸಿ ನಕ್ಕೇಬಿಟ್ಟರು. "ನೂರಾ ಹದಿನಾರು! ನೂರಕ್ಕ ನೂರಾ ಹದಿನಾರು ದಿನ ಬಂದಾನ ಮಗ!" ಆಮೇಲೆ ಮತ್ತೆ ಗಂಭೀರರಾದರು. "ಈ B ಅಂದ್ರೇನವಾ?"

"ಹನ್ನೊಂದು ಗೆರಿ ಸರ್. ಒಂದೇ ಅಕ್ಷರದಾಗ ಬರೀಬೇಕಲ್ಲ, ಅದಕ್ಕ ಹತ್ತಕ್ಕ A, ಹನ್ನೊಂದಕ್ಕ B ಅಂತ ಇಟ್ಟಾರ."

"ನಾಕು ಕೈ, ಹನ್ನೊಂದು ಗೆರಿ. ಅರವತ್ನಾಕು, ಹನ್ನೊಂದು..." ಅವರು ನನ್ನ ಕಡೆ ತಿರುಗಿದರು. "ಎಪ್ಪತ್ತೈದು!"

ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ನಮ್ಮ ಕಾಲೇಜಿನಲ್ಲಿ ಹದಿನಾರರ ಲೆಕ್ಕವನ್ನು ಅಷ್ಟು ಬೇಗ ಹಿಡಿದವರನ್ನು ನಾನು ಕಂಡಿರಲಿಲ್ಲ. ಹಿಡಿಯಲು ಅದೇನು ಹೊಸದೇ? ಅವರು ಜೀವನಪೂರ್ತಿ ಅದರಲ್ಲೇ ಎಣಿಸಿದ್ದರು.

ಆದರೂ ಒಂದು ಅನುಮಾನ ಉಳಿದಿತ್ತು, ಬಿಡುವವರಲ್ಲ ಅವರು. "ಇಲ್ಲಿ ತಿದ್ದಿದ್ದು ಎಲ್ಲ್ಯಾದ್ರೂ ಕುಂತಿರ್ತದಲ್ಲ?" ನಾನು ಗೋಡೆಯ ಸ್ವಿಚ್ಚು ತೋರಿಸಿದೆ. "ನಿಮ್ಮ ಕೈಯಾರೆ ಆರಿಸ್ರಿ" ಎಂದೆ. ಹಿಂದೆ ಮುಂದೆ ನೋಡಿ ಆರಿಸಿದರು. ಮತ್ತೆ ಹಚ್ಚಿ, ಎಮ್ಯುಲೇಟರ್ ತೆರೆದಾಗ A ಒಳಗೆ ಸೊನ್ನೆ ಇತ್ತು. ಕಟ್ಟಿದ ಗಂಟು ಬಿಚ್ಚಿ ಕಾಗದದ ಹಾಜರಿ ನೋಡಿದರು. ಅಲ್ಲಿ ಒಂದು ಚುಕ್ಕೆಯೂ ಅಲುಗಿರಲಿಲ್ಲ.

"ಅದು ಬರಕೊಳ್ಳಾದಲ್ಲ ಸರ್, ಹಿಡಕೊಳ್ಳಾದು. ಆ ಗಳಿಗಿಗಷ್ಟೇ" ಎಂದಳು ಹುಲಿಗೆಮ್ಮ.

"ಹಂಗಾರ ಇದಕ್ಕ ರಿಜಿಸ್ಟರ್ ಅಂತ ಹೆಸರಿಟ್ಟಾಂವ ಯಾವನವಾ?" ಶರಣಬಸಪ್ಪನವರು ತಮ್ಮ ಎಡಗೈ ಬಿಚ್ಚಿ ತೋರಿಸಿದರು. "ಇದು ಅಂಗೈ. ಅಂಗೈ ಅನ್ರಿ ಇದಕ್ಕ. ನನ್ನ ಎದಿ ಒಡೀತಿತ್ತು!"

ಆಮೇಲೆ ಕೂತು ಹೇಳಿಕೊಂಡರು. ಹೊಸದಾಗಿ ಗುಮಾಸ್ತರಾಗಿದ್ದಾಗ ಬೇರೆ ಯಾರೋ ಹಾಜರಿ ತಿದ್ದಿದ್ದಕ್ಕೆ ಇವರನ್ನು ಅಮಾನತು ಮಾಡಿದ್ದರಂತೆ. ತಪ್ಪು ಇವರದಲ್ಲ ಎಂದು ತಿಳಿಯುವ ಹೊತ್ತಿಗೆ ಊರವರೆಲ್ಲ ಕಳ್ಳ ಎಂದು ಆಡಿಕೊಂಡಾಗಿತ್ತು. "ಯಾರೂ ಪರೀಕ್ಷಾ ಮಾಡಿ ನೋಡ್ಲಿಲ್ರಿ ನನ್ನ" ಎಂದರು. ನಂತರ ಹುಲಿಗೆಮ್ಮನನ್ನು ಕೇಳಿದರು, "ಅಲ್ಲವಾ, ಇದ್ದ ಅಂಕಿ ಬಿಟ್ಟು ಸುಳ್ಳು ಅಂಕಿ ಯಾಕ ಹಾಕಿ ನೋಡ್ಬೇಕು?"

ಹುಲಿಗೆಮ್ಮ ಹೇಳಿದ ಉತ್ತರವನ್ನು ಹೊಸ ಬೋಧಕರು ಗೋಡೆಯ ಮೇಲೆ ಬರೆದುಕೊಳ್ಳಲಿ: "ಖರೇ ಮನಿಷ್ಯಾರ ಮ್ಯಾಲ ತೀರ್ಪು ಹೇಳೋಕಿಂತ ಮೊದಲ, ಸುಳ್ಳು ಅಂಕಿ ಮ್ಯಾಲ ಹೇಳಿಸಿ ನೋಡ್ಬೇಕಲ್ರಿ ಸರ್. ಆಗ ತಪ್ಪಿದ್ರ ಯಾರಿಗೂ ನೋವಾಗಂಗಿಲ್ಲ."

ಶರಣಬಸಪ್ಪನವರು ಬಿಚ್ಚಿದ ರಿಜಿಸ್ಟರುಗಳನ್ನು ಮತ್ತೆ ಗಂಟು ಕಟ್ಟಿದರು. ಪ್ರಾಚಾರ್ಯರ ಕಡೆ ತಿರುಗಿ, "ನನ್ನ ದೂರು ನಾ ವಾಪಸ್ ತಗೋತೀನಿ ಸರ್. ಈ ಹುಡುಗಿ ಕರಾರಿನ ಕಾಗದ ಇವತ್ತೇ ಕಳಿಸ್ತೀನಿ" ಎಂದರು. ಕಳಿಸಿದರು. ಅವತ್ತು ಮಾತ್ರ ಹುಲಿಗೆಮ್ಮ ಅತ್ತಳು. ನಾನೂ ಅತ್ತೆ, ಅವಳಿಗಿಂತ ಜೋರಾಗಿ.

ಆ ದಿನದಿಂದ ನಮ್ಮ ಲ್ಯಾಬಿನಲ್ಲಿ ರಿಜಿಸ್ಟರ್ ಎಂಬ ಮಾತು ನಿಂತು ಅಂಗೈ ಎಂಬ ಮಾತು ಬಂತು. "ಮೇಡಂ, A ಅಂಗೈನಾಗ ಸೊನ್ನಿ ಬಂದದ", "B ಅಂಗೈ ಖಾಲಿ ಮಾಡ್ಲೇನ್ರಿ?" ಪರೀಕ್ಷೆಯಲ್ಲಿ ರಿಜಿಸ್ಟರ್ ಎಂದೇ ಬರೆಯಿರಿ ಎಂದು ಎಚ್ಚರಿಸುವುದೇ ನನಗೆ ಕೆಲಸವಾಯಿತು.

ಮುಂದಿನ ವರ್ಷ ಕಚೇರಿಗೆ ಹಾಜರಿ ಲೆಕ್ಕದ ತಂತ್ರಾಂಶ ಬಂತು, ಹೊರಗಿನವರು ಮಾಡಿಕೊಟ್ಟದ್ದು. ಶರಣಬಸಪ್ಪನವರು ಅದನ್ನು ನೇರವಾಗಿ ಬಳಸಲು ಒಪ್ಪಲಿಲ್ಲ. "ಮೊದಲ ಸುಳ್ಳು ಅಂಕಿ ಕೊಡ್ರಿ" ಎಂದು ಹಟ ಹಿಡಿದರು. ಇಲ್ಲದ ಹುಡುಗರ ಹೆಸರು ಹಾಕಿ ಎಪ್ಪತ್ನಾಲ್ಕು ಕೊಟ್ಟರು, ಬೇಡ ಎಂದಿತು. ಎಪ್ಪತ್ತಾರು ಕೊಟ್ಟರು, ಸರಿ ಎಂದಿತು. ಸರಿಯಾಗಿ ಎಪ್ಪತ್ತೈದು ಕೊಟ್ಟರು. ಬೇಡ ಎಂದಿತು! ಬರೆದವರು ಎಪ್ಪತ್ತೈದಕ್ಕಿಂತ ಹೆಚ್ಚು ಎಂದು ತಿಳಿದುಬಿಟ್ಟಿದ್ದರು. ಹಾಗೇ ಬಿಟ್ಟಿದ್ದರೆ ದೇವದುರ್ಗದ ಬಸ್ಸಿನಲ್ಲಿ ಓಡೋಡಿ ಬಂದು ಕಷ್ಟಪಟ್ಟು ಆ ಗೆರೆ ಮುಟ್ಟಿದ ಮಕ್ಕಳು ಗೆರೆಯ ಮೇಲೆಯೇ ಬೀಳುತ್ತಿದ್ದರು. ಸರಿಪಡಿಸಿಕೊಂಡು ಬರುವವರೆಗೆ ಅವರು ಕೈಬೆರಳಲ್ಲೇ ಎಣಿಸಿದರು. ಈ ಹಳೆಯ ಪ್ರೊಸೆಸರನ್ನು ಯಾಕೆ ಕಲಿಸಬೇಕು ಎಂದು ಕೇಳುವವರಿಗೆ ನಾನು ಈ ಒಂದು ಸಂಗತಿ ಹೇಳಿ ಇನ್ನೊಂದು ಕಪ್ ಚಹಾ ಕೊಡುತ್ತೇನೆ. ಯಂತ್ರವನ್ನು ನಡುವೆ ನಿಲ್ಲಿಸಿ, ಅದರ ಕೈಯಲ್ಲಿ ಏನಿದೆ ಎಂದು ಬಿಡಿಸಿ ನೋಡುವ ಧೈರ್ಯ ಅಲ್ಲಿ ಬರುತ್ತದೆ.

ಶರಣಬಸಪ್ಪನವರು ನಿವೃತ್ತರಾದರು, ಆಮೇಲೆ ನಾನು. ಹುಲಿಗೆಮ್ಮನಿಗೆ ಖಾಯಂ ನೌಕರಿ ಸಿಕ್ಕಿತು, ಅದೂ ದೇವದುರ್ಗದಲ್ಲೇ. ಅವಳ ತಾಯಿ ಈಗ ಗುಳೆ ಹೋಗುವುದನ್ನು ಬಿಟ್ಟು ಮಗಳ ಜೊತೆ ಇದ್ದಾಳೆ. ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶರಣಬಸಪ್ಪನವರು ನನಗೆ ಫೋನು ಮಾಡಿದರು. "ಶಮೀಮಾ ಮೇಡಂ, ಹುಲಿಗೆಮ್ಮ ಮೆಸೇಜ್ ಹಾಕ್ಯಾಳ, ನೋಡಿದ್ರೇನು? ನಾಳೆ ಹೊಸ ಮಕ್ಕಳಿಗೆ ರಿಜಿಸ್ಟರ್ ತಿದ್ದೋದು ಕಲಿಸ್ತಾಳಂತ. ಈ ಸಲ ಬೇಕಂತಲೇ ನನಗ ಕಳಿಸ್ಯಾಳ. ಹೋಗೋಣ್ರಿ, ವಿಚಾರಣಾ ಮಾಡೋಣ."

ಬಸ್ಸಿನಲ್ಲಿ ಹೋದೆವು. ಲ್ಯಾಬಿನ ತುಂಬ ಹುಡುಗಿಯರು, ಪ್ರತಿ ಪರದೆಯ ಮೇಲೂ ನಮ್ಮ ಸತ್ತ ಕಿಟ್ಟಿನ ಕೆಂಪು ಅಂಕಿಗಳು. ನಾನು ಬಾಗಿಲಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತೆ. ಹುಲಿಗೆಮ್ಮ ಓಡಿಬಂದು ಇಬ್ಬರನ್ನೂ ಒಳಗೆ ಕರೆದೊಯ್ದು, "ಅಂಗೈ ಅನ್ನೋ ಮಾತು ಕೊಟ್ಟವರು ಇವರೇ" ಎಂದು ಶರಣಬಸಪ್ಪನವರನ್ನು ಮುಂದಿನ ಕಂಪ್ಯೂಟರಿಗೆ ಕೂರಿಸಿದಳು. ಅಲ್ಲಿ ಪಾಠದ ಮೊದಲ ದಿನ ಎಲ್ಲರೂ ತಮ್ಮ ವಯಸ್ಸನ್ನು A ಒಳಗೆ ಇಡುವ ಪದ್ಧತಿ ಮಾಡಿಕೊಂಡಿದ್ದಾಳೆ.

"ಸರ್, ನಿಮ್ದು ಎಷ್ಟ್ರಿ ವಯಸ್ಸು?" ಎಂದು ಒಬ್ಬಳು ಕೇಳಿದಳು.

ಶರಣಬಸಪ್ಪನವರು ಎಡಗೈ ಮಡಿಲಲ್ಲಿಟ್ಟು ಹೆಬ್ಬೆರಳು ಓಡಿಸಿದರು. ಬಗ್ಗಿ ಒಂದೊಂದೇ ಅಂಕಿ ಒತ್ತಿದರು. ಪರದೆಯ ಮೇಲೆ 41 ಹೊಳೆಯಿತು.

ಹಿಂದಿನ ಬೆಂಚು ಕಿಸಕ್ಕನೆ ನಕ್ಕಿತು. "ಯಪ್ಪಾ, ಅಜ್ಜಾರಿಗೆ ನಲವತ್ತೊಂದಂತ!"

ಮುಂದಿನ ಸಾಲಿನ ಹುಡುಗಿ ನಗಲಿಲ್ಲ. ಅವಳ ಹೆಬ್ಬೆರಳು ಬೆರಳಿನ ಗೆರೆಗಳ ಮೇಲೆ ಓಡುತ್ತಿತ್ತು. "ಏ ಸುಮ್ಕಿರ್ರೆ ಬೇ. ನಾಕು ಕೈ, ಒಂದು ಗೆರಿ. ಅರವತ್ತೈದು."

ಶರಣಬಸಪ್ಪನವರು ಎರಡೂ ಅಂಗೈ ಬಿಚ್ಚಿ ನಮಗೆ ತೋರಿಸಿದರು. ಕಣ್ಣು ತುಂಬಿದ್ದವು, ಬಾಯಿ ತುಂಬ ನಗುತ್ತಿದ್ದರು.

"ನೋಡ್ಕೋರಿ ಮತ್ತ" ಎಂದರು. "ನಾ ಏನೂ ತಿದ್ದಿಲ್ಲ."